ಪರದೇಶದಿಂದ ಬರುವ ಹಣಕ್ಕೆ ಮನೆಯ ವಿಳಾಸ

ವಾಚಕರೇ, ಮನಗೂಳಿಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಮಗನು ದುಬೈಯಲ್ಲಿ ದುಡಿಯುತ್ತಿರುವನು. ತಾಯಿಗೆ ಮೊದಲ ಸಂಬಳದ ಹಣವನ್ನು ಕಳುಹಬೇಕೆಂದು ಅವನು ದೂರವಾಣಿಯಲ್ಲಿ ಕೇಳುತ್ತಾನೆ: “ಅವ್ವಾ, ಇಲ್ಲಿ ನಿನ್ನ ಐಬಾನ್ ನಂಬರ ಕೇಳ್ತಾರ; ಪಾಸ್‌ಬುಕ್ಕಿನಾಗ ನೋಡಿ ಹೇಳು.” ತಾಯಿಯು ಪುಸ್ತಕವನ್ನು ಎಷ್ಟು ತಿರುವಿದರೂ ಅದು ಸಿಕ್ಕದು. ಸಿಕ್ಕುವುದಾದರೂ ಹೇಗೆ? ನಮ್ಮ ದೇಶದ ಬ್ಯಾಂಕುಗಳಲ್ಲಿ ಆ ಪದ್ಧತಿಯೇ ಇಲ್ಲ.

ಐಬಾನ್ ಎಂಬುದು ಅಂತರರಾಷ್ಟ್ರೀಯ ಖಾತೆಯ ಸಂಖ್ಯೆ. ಯುರೋಪಿನ ರಾಷ್ಟ್ರಗಳಲ್ಲಿಯೂ ಕೊಲ್ಲಿಯ ನಾಡುಗಳಲ್ಲಿಯೂ ಇದು ರೂಢಿಯಲ್ಲಿದೆ. ದುಬೈಯಲ್ಲಿ ಇದಕ್ಕೆ 23 ಅಕ್ಷರಾಂಕಗಳು: ಮೊದಲು ದೇಶವನ್ನು ಸೂಚಿಸುವ 2 ಅಕ್ಷರ, ಬಳಿಕ ಪರೀಕ್ಷೆಯ 2 ಅಂಕೆ, ಬ್ಯಾಂಕಿನ 3 ಅಂಕೆ, ಉಳಿದ 16 ಖಾತೆಯವು. ಪರೀಕ್ಷೆಯ ಅಂಕೆಗಳಲ್ಲಿಯೇ ಇದರ ಜಾಣ್ಮೆಯಿದೆ. ಮೊದಲ ನಾಲ್ಕನ್ನು ಕೊನೆಗೆ ಸರಿಸಿ, ಅಕ್ಷರಗಳನ್ನು ಅಂಕೆಗಳಾಗಿಸಿ, 97ರಿಂದ ಭಾಗಿಸಿದರೆ ಶೇಷವು 1 ಉಳಿಯಬೇಕು. ಬರೆಯುವಾಗ ಒಂದು ಅಂಕೆ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಹಣ ಹೊರಡುವ ಮೊದಲೇ ತಪ್ಪು ಸಿಕ್ಕಿಬೀಳುತ್ತದೆ.

ಹಾಗಾದರೆ ಮನಗೂಳಿಯ ತಾಯಿ ಏನು ಹೇಳಬೇಕು? ತನ್ನ ಹೆಸರು ಬ್ಯಾಂಕಿನಲ್ಲಿ ಇರುವಂತೆಯೇ, ಖಾತೆಯ ಸಂಖ್ಯೆ, ಶಾಖೆಯ 11 ಅಕ್ಷರಾಂಕಗಳ ಐ.ಎಫ್.ಎಸ್.ಸಿ.; ಬ್ಯಾಂಕಿನ 8 ಅಥವಾ 11 ಅಕ್ಷರಾಂಕಗಳ ಸ್ವಿಫ್ಟ್ ಸಂಕೇತ. ಸ್ವಿಫ್ಟ್ ಸಂಕೇತವು ಹೊರದೇಶಕ್ಕೆ ನಮ್ಮ ಬ್ಯಾಂಕಿನ ಗುರುತು, ಐ.ಎಫ್.ಎಸ್.ಸಿ. ಊರಿನ ಅಂಚೆಯ ಪಿನ್‌ಕೋಡಿನಂತೆ. ಖಾತೆಯ ಸಂಖ್ಯೆಯೇ ಮನೆಯ ಬಾಗಿಲು. ಚಿಕ್ಕ ಶಾಖೆಗೆ ತನ್ನದೇ ಸ್ವಿಫ್ಟ್ ಸಂಕೇತ ಇಲ್ಲದಿರಬಹುದು. ಆಗ ಯಾವುದನ್ನು ಕೊಡಬೇಕೆಂದು ಬ್ಯಾಂಕಿನಲ್ಲಿಯೇ ಕೇಳತಕ್ಕದ್ದು. ಮಗನಾದರೋ ಐಬಾನಿನ ಸ್ಥಳವನ್ನು ಊಹೆಯಿಂದ ತುಂಬದೆ, ಹಣವು ಭಾರತಕ್ಕೆ ಹೋಗತಕ್ಕದ್ದೆಂದು ತಿಳಿಸಬೇಕು.

ಹಳೆಯ ಪಾಸ್‌ಬುಕ್ಕನ್ನು ನಂಬುವಂತಿಲ್ಲ. ಜಿಲ್ಲೆಯ ಹಳೆಯ ಹೆಸರನ್ನು ಹೊತ್ತಿದ್ದ ಬಿಜಾಪುರ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದೂ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗಾಯಿತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಅದರ ಹಳೆಯ ಐ.ಎಫ್.ಎಸ್.ಸಿ.ಗಳು 2021ರ ಜುಲೈ 1ರಿಂದ ನಿಂತುಹೋದವು. ಆದುದರಿಂದ ಈಗಿನ ಸಂಕೇತವನ್ನು ಶಾಖೆಯಿಂದಲೇ ಬರೆಯಿಸಿಕೊಳ್ಳುವುದು ಮೇಲು.

ಅಲ್ಲಿ ಯಂತ್ರವು ಮಾಡುವ ಪರೀಕ್ಷೆಯನ್ನು ಇಲ್ಲಿ ನಾವೇ ಮಾಡಬೇಕು. ತಪ್ಪಿದ ಸಂಖ್ಯೆಯು ಬೇರೊಬ್ಬರ ಖಾತೆಯದಾಗಿದ್ದರೆ, ಬೆವರಿನ ಹಣ ಕಾಣದವರ ಮನೆ ಸೇರಬಹುದು. ಒಬ್ಬರು ಓದಲಿ, ಇನ್ನೊಬ್ಬರು ತಿರುಗಿ ಹೇಳಲಿ. ಮೊದಲ ಬಾರಿಗೆ ಅಲ್ಪ ಮೊತ್ತ ಬಂದು ಮುಟ್ಟಿದ ಮೇಲೆ ಉಳಿದುದು ಬರಲಿ.

ಇನ್ನೊಂದು ಮಾತು. “ನಿಮಗೆ ಐಬಾನ್ ಮಾಡಿಸಿಕೊಡುತ್ತೇನೆ” ಎಂದು ಶುಲ್ಕ ಕೇಳುವವನು ವಂಚಕನೇ ಸರಿ. ಹಣ ಬರುವುದಕ್ಕೆ ಮೇಲಿನ ವಿವರಗಳು ಸಾಕು. ರಹಸ್ಯ ಪಿನ್ ಆಗಲಿ, ಮೊಬೈಲಿಗೆ ಬರುವ ಒ.ಟಿ.ಪಿ. ಆಗಲಿ ಎಂದಿಗೂ ಬೇಕಾಗುವುದಿಲ್ಲ. ಸರಿಯಾದ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡ ಗೃಹಿಣಿಯು ಮಗನ ಮುಂದಿನ ಕರೆಗೆ ತಡವರಿಸದೆ ಉತ್ತರ ಕೊಡುವಳು.