ಬೇರು ಮಣ್ಣು ತಿನ್ನುವುದಿಲ್ಲ

ಕನಕಪುರದ ಕಡೆ ರಾಗಿ ಹೊಲದ ಮಾತಿರಲಿ, ರೇಷ್ಮೆ ಸೊಪ್ಪಿನ ತೋಟದ ಮಾತಿರಲಿ, ತೆಂಗು, ಮಾವು, ಬಾಳೆಯ ಮಾತಿರಲಿ, ಕೊನೆಗೆ ಗೊಬ್ಬರಕ್ಕೆ ಬಂದು ನಿಲ್ಲುತ್ತದೆ. ಎಷ್ಟು ಮೂಟೆ ಹಾಕಿದಿರಿ ಎಂದು ಕೇಳುವವರು ಬಹಳ. ಹಾಕಿದ್ದರಲ್ಲಿ ಬೇರಿಗೆ ದಕ್ಕಿದ್ದೆಷ್ಟು ಎಂದು ಕೇಳುವವರು ಕಡಿಮೆ. ರೈತನ ದುಡ್ಡು ಸೋರಿಹೋಗುವುದು ಅಲ್ಲೇ. ಬೇರಿನ ಊಟದ ಬಗ್ಗೆ ನಮ್ಮಲ್ಲಿ ಗಟ್ಟಿಯಾಗಿ ಕೂತಿರುವ ಕೆಲವು ನಂಬಿಕೆಗಳನ್ನು ಅದಕ್ಕಾಗಿಯೇ ಒಂದೊಂದಾಗಿ ನೋಡಬೇಕು.

ನಂಬಿಕೆ: ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ.

ಇದನ್ನು ತೂಕ ಹಾಕಿಯೇ ನೋಡಿದವನು ಬ್ರಸೆಲ್ಸ್‌ನ ವೈದ್ಯ ವಾನ್ ಹೆಲ್ಮಾಂಟ್. ಒಣಗಿಸಿದ 200 ಪೌಂಡ್ ಮಣ್ಣು ತುಂಬಿದ ತೊಟ್ಟಿಯಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ ಸುಮಾರು 169 ಪೌಂಡ್ ತೂಗಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಎರಡು ಔನ್ಸ್ ಮಾತ್ರ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಈ ಪ್ರಯೋಗ ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ್ದು ಸರಿಯಲ್ಲ. ಗಿಡದ ಒಣ ತೂಕದ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಬರುತ್ತದೆ. ಆದರೆ ಆ ಎರಡು ಔನ್ಸ್ ಇಲ್ಲದೆ ಮರವೇ ಇಲ್ಲ. ಗಿಡಕ್ಕೆ ಬೇಕೇಬೇಕಾದ 17 ಧಾತುಗಳಲ್ಲಿ 14 ಮಣ್ಣಿನಿಂದಲೇ ಬರಬೇಕು. ಅವು ನೀರಿನಲ್ಲಿ ಕರಗಿದ್ದರೆ ಮಾತ್ರ ಬೇರಿನೊಳಗೆ ಪ್ರವೇಶ, ಅದೂ ಹೆಚ್ಚಾಗಿ ಅಯಾನುಗಳಾಗಿ.

ನಂಬಿಕೆ: ಕೊಟ್ಟಿಗೆ ಗೊಬ್ಬರದ ಸತ್ವವನ್ನು ಬೇರು ನೇರವಾಗಿ ಉಣ್ಣುತ್ತದೆ, ಯೂರಿಯಾದ್ದು ಬೇರೆಯೇ ಆಹಾರ.

ಸಗಣಿಯಲ್ಲಿರುವ ಸಾರಜನಕ ದೊಡ್ಡ ದೊಡ್ಡ ಅಣುಗಳಲ್ಲಿ ಕಟ್ಟಿಕೊಂಡಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಂ, ನೈಟ್ರೇಟ್ ಮಾಡಿಕೊಟ್ಟ ಮೇಲೆಯೇ ಬೇರು ಅದರ ಹೆಚ್ಚಿನಂಶವನ್ನು ಹೀರುವುದು. ಯೂರಿಯಾ ಕೂಡ ಮಣ್ಣಿನಲ್ಲಿ ಇದೇ ರೂಪಕ್ಕೆ ಬರುತ್ತದೆ. ಬೇರಿನ ಬಾಗಿಲಲ್ಲಿ ಇವೆರಡಕ್ಕೂ ಭೇದವಿಲ್ಲ. ಗಿಡಕ್ಕೆ ಬೇಕಾದದ್ದು ಖನಿಜಗಳು ಎಂದು ಜರ್ಮನಿಯ ಲೀಬಿಗ್ 1840ರಲ್ಲೇ ವಾದಿಸಿದ್ದ. ತಿಪ್ಪೆಯಿಂದ ಅರ್ಧ ಕೊಳೆತ, ಹುಲ್ಲುಕಡ್ಡಿ ಹೆಚ್ಚಿರುವ ಗೊಬ್ಬರ ತಂದು ಹಾಕಿದರೆ ಪೈರು ಕೆಲಕಾಲ ಹಳದಿಗಟ್ಟುವುದೂ ಇದಕ್ಕೇ. ಹುಲ್ಲನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನು ಮೊದಲು ತಮಗೇ ಎತ್ತಿಕೊಳ್ಳುತ್ತವೆ.

ಹಾಗಂತ ಕೊಟ್ಟಿಗೆ ಗೊಬ್ಬರ ಬೇಡವೆಂದರೆ ನಾನು ಒಪ್ಪುವುದಿಲ್ಲ. ನಮ್ಮದು ಮರಳು ಬೆರೆತ ಕೆಂಪು ಮಣ್ಣು. ನೀರನ್ನೂ ಪೋಷಕಾಂಶವನ್ನೂ ಹಿಡಿದಿಟ್ಟುಕೊಳ್ಳುವ ಶಕ್ತಿ ಇದಕ್ಕೆ ಕಡಿಮೆ. ಆ ಶಕ್ತಿ ಕೊಡುವುದು ಚೆನ್ನಾಗಿ ಕಳಿತ ಗೊಬ್ಬರವೇ. ರೇಷ್ಮೆ ಸೊಪ್ಪಿನ ತೋಟವನ್ನೇ ನೋಡಿ. ಚನ್ನಪಟ್ಟಣದ ಬಳಿಯ ಕಣ್ವ ಫಾರಂನಲ್ಲಿ ಆಯ್ಕೆಯಾದ ಕಣ್ವ-2 ಹಿಪ್ಪುನೇರಳೆ ತಳಿ ಒಂದು ಕಾಲಕ್ಕೆ ಈ ಭಾಗದ ತೋಟಗಳನ್ನು ಆಳಿತು. ಈಗ ವಿ-1 ಹೆಚ್ಚು. ನೀರಾವರಿಯ ವಿ-1 ತೋಟಕ್ಕೆ ಹೆಕ್ಟೇರಿಗೆ ವರ್ಷಕ್ಕೆ 350 ಕೆ.ಜಿ. ಸಾರಜನಕ, 140 ಕೆ.ಜಿ. ರಂಜಕ, 140 ಕೆ.ಜಿ. ಪೊಟ್ಯಾಷ್ ಶಿಫಾರಸಾಗಿದೆ. ಜೊತೆಗೆ 20 ಟನ್ ಕೊಟ್ಟಿಗೆ ಗೊಬ್ಬರವೂ ಉಂಟು. ಬೆಳೆಗೊಮ್ಮೆ ಸೊಪ್ಪು ಕೊಯ್ದಾಗ ಸಾರಜನಕ ತೋಟ ಬಿಟ್ಟು ಹೊರಡುತ್ತದೆ. ರೇಷ್ಮೆ ಎಂದರೆ ಪ್ರೋಟೀನು, ಪ್ರೋಟೀನಿಗೆ ಸಾರಜನಕ ಬೇಕು. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವ ಗೂಡಿನ ಸಾರಜನಕವೆಲ್ಲ ಯಾವುದೋ ತೋಟದ ಬೇರಿನಿಂದ ಹೊರಟದ್ದು.

ನಂಬಿಕೆ: ಗೊಬ್ಬರವನ್ನು ಮರದ ಬುಡಕ್ಕೇ ಸುರಿಯಬೇಕು.

ಒಂದು ಎಳೆಯ ರಾಗಿ ಪೈರನ್ನು ಹದವಿರುವಾಗ ಮಣ್ಣು ಸಮೇತ ಮೆಲ್ಲಗೆ ಎತ್ತಿ ಕೊಡವಿ. ಬೇರಿನ ಕೊಟ್ಟಕೊನೆಯ ತುದಿ ಬಿಳಿಯಾಗಿ, ಬರಿದಾಗಿರುತ್ತದೆ. ಅದರ ಹಿಂದಿನ ಭಾಗಕ್ಕೆ ಮಣ್ಣಿನ ಕಣ ಅಂಟಿಕೊಂಡು ಬಿಡುವುದೇ ಇಲ್ಲ. ಅಲ್ಲಿರುವುದು ಬೇರುರೋಮಗಳು. ಹೀರುವ ಕೆಲಸದ ದೊಡ್ಡ ಪಾಲು ಇವುಗಳದ್ದು. ಅಮೆರಿಕದ ಡಿಟ್ಮರ್ 1937ರಲ್ಲಿ ಒಂದೇ ಒಂದು ರೈ ಗಿಡದ ಬೇರುಗಳನ್ನು ಅಳೆದಾಗ ಒಟ್ಟು ಉದ್ದ 600 ಕಿ.ಮೀ. ದಾಟಿತು, ರೋಮಗಳ ಲೆಕ್ಕ ಸುಮಾರು 1,400 ಕೋಟಿಗೆ ಬಂತು. ಬುಡದ ದಪ್ಪ ಬೇರು ಮರವನ್ನು ನಿಲ್ಲಿಸುತ್ತದೆ, ನೀರು ಸಾಗಿಸುತ್ತದೆ, ಹೀರುವುದು ಅತ್ಯಲ್ಪ. ತೆಂಗಿಗೆ ಕಾಂಡದಿಂದ ಸುಮಾರು 1.8 ಮೀಟರ್‌ವರೆಗಿನ ಪಾತಿಯಲ್ಲಿ ಗೊಬ್ಬರ ಹರಡಿ ಮಣ್ಣು ಮುಚ್ಚಿ ಎನ್ನುವುದು ಇದಕ್ಕೇ. ಕಾಂಡಕ್ಕೆ ಒತ್ತಿ ರಾಶಿ ಹಾಕಿದರೆ ದುಡ್ಡು ದಂಡ.

ನಂಬಿಕೆ: ಹೊಲಕ್ಕೆ ಚೆಲ್ಲಿದರೆ ಸಾಕು, ಗೊಬ್ಬರ ತಾನೇ ಬೇರಿನ ಬಳಿ ಹೋಗುತ್ತದೆ.

ನೈಟ್ರೇಟ್ ಹೋಗುತ್ತದೆ. ನೀರಿನೊಂದಿಗೆ ಬೇರಿಗೂ ಬರುತ್ತದೆ, ಜೋರು ಮಳೆಗೆ ಬೇರಿನ ಕೆಳಕ್ಕೂ ಇಳಿದುಬಿಡುತ್ತದೆ. ಯೂರಿಯಾವನ್ನು ಒಮ್ಮೆಗೇ ಹಾಕದೆ ಕಂತಿನಲ್ಲಿ ಮೇಲುಗೊಬ್ಬರವಾಗಿ ಕೊಡುವುದು ಅದಕ್ಕೆ. ರಂಜಕದ ಸ್ವಭಾವವೇ ಬೇರೆ. ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುತ್ತವೆ. ಅದು ಕೆಲವು ಮಿಲಿಮೀಟರ್ ಸರಿದರೆ ಹೆಚ್ಚು. ಆದ್ದರಿಂದ ಡಿಎಪಿಯನ್ನು ಮೇಲೆ ಎರಚುವ ಬದಲು ಬಿತ್ತುವಾಗಲೇ ಕೂರಿಗೆ ಸಾಲಿನಲ್ಲಿ, ಬೀಜದ ಹತ್ತಿರ ಬೀಳಿಸಬೇಕು. ಇಲ್ಲಿ ಬೇರಿಗೆ ನೆಂಟರೂ ಇದ್ದಾರೆ. ಬೇರಿನಲ್ಲಿ ಶಿಲೀಂಧ್ರ ಎಂದರೆ ರೋಗವೇ ಎಂದು ಹೆದರುವುದು ತಪ್ಪು. ಮೈಕೊರೈಜಾ ಎಂಬ ಶಿಲೀಂಧ್ರ ಬೇರಿನೊಳಗೆ ನೆಲೆಸಿ, ರೋಮಗಳಿಗೆ ಎಟುಕದ ದೂರಕ್ಕೆ ತನ್ನ ಎಳೆ ಚಾಚಿ ರಂಜಕ ತರುತ್ತದೆ, ಗಿಡದಿಂದ ಸಕ್ಕರೆ ಪಡೆಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಭಾಗ್ಯರಾಜ್ ದಶಕಗಳ ಕಾಲ ಇದರ ಮೇಲೆಯೇ ದುಡಿದರು. ರಂಜಕದ ಗೊಬ್ಬರ ಮಿತಿಮೀರಿದರೆ ಈ ನೆಂಟಸ್ತನ ಸೊರಗುತ್ತದೆ.

ನಂಬಿಕೆ: ನೀರು ಹೆಚ್ಚಿದಷ್ಟೂ ಬೇರು ಹೆಚ್ಚು ಹೀರುತ್ತದೆ.

ಬೇರೂ ಉಸಿರಾಡುತ್ತದೆ. ಪೋಷಕಾಂಶವನ್ನು ಆರಿಸಿ ಒಳಕ್ಕೆ ಎಳೆದುಕೊಳ್ಳಲು ಅದು ಶಕ್ತಿ ವ್ಯಯಿಸಬೇಕು, ಅದಕ್ಕೆ ಆಮ್ಲಜನಕ ಬೇಕು. ನೀರು ನಿಂತ ತೋಟದಲ್ಲಿ ಗೊಬ್ಬರ ಸಾಕಷ್ಟಿದ್ದರೂ ಎಲೆ ಹಳದಿಯಾಗುತ್ತದೆ. ಆಗ ಇನ್ನೊಂದು ಮೂಟೆ ಯೂರಿಯಾ ಸುರಿಯುವುದು ದೊಡ್ಡ ತಪ್ಪು. ಮೊದಲು ಬಸಿಗಾಲುವೆ ತೆಗೆಯಿರಿ.

ರಾಗಿಯ ನಡುವಿನ ಅಕ್ಕಡಿ ಸಾಲಿನ ಅವರೆ ಪಕ್ಕದ ರಾಗಿಗೆ ಆಗಲೇ ಸಾರಜನಕ ಹಂಚುತ್ತದೆ ಎಂಬ ಮಾತೂ ಉಂಟು. ಅವರೆಯ ಬೇರುಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಅದು ಸಾರಜನಕ ಗಳಿಸುತ್ತಿದೆ ಎಂದರ್ಥ. ಆದರೆ ಆ ಗಳಿಕೆಯ ಬಹುಪಾಲು ಅವರೆಯಲ್ಲೇ ಉಳಿಯುತ್ತದೆ. ಉದುರಿದ ಎಲೆ, ಕೊಳೆತ ಬೇರಿನಿಂದ ಅದು ದಕ್ಕುವುದು ಮುಂದಿನ ಬೆಳೆಗೆ. ಗಿಡವನ್ನು ಬುಡಸಮೇತ ಕಿತ್ತು ಮನೆಗೆ ಹೊತ್ತರೆ ಹೊಲಕ್ಕೆ ಉಳಿಯುವುದು ತೀರಾ ಕಡಿಮೆ.

ಈ ಸಲ ಗೊಬ್ಬರದಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಬದು, ತಿಪ್ಪೆ, ಮರದ ನೆರಳು ಬಿಟ್ಟು ಹೊಲದ ಹತ್ತಾರು ಕಡೆ ಗೇಣುದ್ದ ಗುಂಡಿ ತೆಗೆದು, ಪಕ್ಕದಿಂದ ಮಣ್ಣು ಕೆರೆದು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಮಣ್ಣನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ವರದಿ ಬಂದ ಮೇಲೆ ಮೂಟೆಯ ಲೆಕ್ಕ ಹಾಕಿ.