ಮನೆ ಖಾಲಿ ಮಾಡುವಾಗ ಪೇಂಟಿಂಗ್ ಖರ್ಚು ಯಾರದ್ದು?

ಬೆಂಗಳೂರಲ್ಲಿ ಮನೆ ಖಾಲಿ ಮಾಡೋರು ಕೇಳೋ ಮಾತು: ‘ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರ್ಕೊಳ್ತೀವಿ.’ ಇದು ಕಾನೂನಾ? ಅಲ್ಲ, ರೂಢಿ. ಕರಾರು ಪತ್ರದಲ್ಲಿ ಬರೆದು ಸಹಿ ಹಾಕಿದ್ರೆ ಅದಕ್ಕೆ ಬಲ.

ಕರಾರಿನಲ್ಲಿ ಏನೂ ಬರೆದಿಲ್ಲ ಅಂದ್ರೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಸಹಜ ಸವೆತಕ್ಕೆ ವಿನಾಯಿತಿ ಇದೆ. ಅಂದ್ರೆ, ವರ್ಷಗಳಲ್ಲಿ ಮಾಸಿದ ಬಣ್ಣ ಓನರ್ ಲೆಕ್ಕ; ಡ್ರಿಲ್ ಹೊಡೆದು ಕಿತ್ತುಹೋದ ಗೋಡೆ ಬಾಡಿಗೆದಾರರ ಲೆಕ್ಕ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ಬೇರೆ ಒಪ್ಪಂದ ಇಲ್ಲದಿದ್ರೆ ಸುಣ್ಣಬಣ್ಣವನ್ನು ಓನರ್ ಹೊಣೆಗೇ ಸೇರಿಸಿದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ.

ಓನರ್‌ಗಳೇ, ಸೋರಿಕೆ ನಿಲ್ಲಿಸದೆ ಬಣ್ಣ ಹೊಡೆಸಿದ್ರೆ ಮುಂದಿನ ಮಳೆಗಾಲಕ್ಕೆ ಪುಟ್ಟಿ ಉದುರುತ್ತೆ. ಮೊದಲು ಸೋರಿಕೆ ಸರಿಮಾಡಿಸಿ, ಗೋಡೆ ಒಣಗಲಿ, ಆಮೇಲೆ ಪುಟ್ಟಿ, ಪ್ರೈಮರ್, ಪೇಂಟ್. ಬಿಲ್ ಇಟ್ಕೊಳ್ಳಿ, ಮುರ್ಕೊಂಡ ದುಡ್ಡಿಗೆ ಅದೇ ಲೆಕ್ಕ.

ಬಾಡಿಗೆಗೆ ಹೋಗೋರೇ, ಸೇರೋ ದಿನವೇ ಗೋಡೆಗಳ ವಿಡಿಯೊ ತೆಗೆದು ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿ. ಕರಾರಿನಲ್ಲಿ ‘ಒಂದು ತಿಂಗಳ ಬಾಡಿಗೆ’ ಬದಲು ‘ಹಾನಿಯಾದಷ್ಟಕ್ಕೆ, ಬಿಲ್ ಪ್ರಕಾರ’ ಅಂತ ಬರೆಸೋಕೆ ಕೇಳಿ. ಈ ಮಾತು ಅಡ್ವಾನ್ಸ್ ಕೊಡೋಕೆ ಮುಂಚೆನೇ ಆಗಲಿ. ಕೊಟ್ಟ ಮೇಲೆ ದುಡ್ಡು ಅವರ ಕೈಲಿರುತ್ತೆ.