ಕೊನೆಗೆ ಬಂದವರ ಕೂಲಿ

ಯೇಸುಸ್ವಾಮಿಯು ಹೇಳಿದ ದೃಷ್ಟಾಂತಗಳಲ್ಲಿ ಸಂಸಾರವಂದಿಗರಿಗೆ ಸುಲಭವಾಗಿ ಒಗ್ಗದ ದೃಷ್ಟಾಂತವೊಂದುಂಟು. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ದ್ರಾಕ್ಷಿತೋಟದ ಯಜಮಾನನೊಬ್ಬನು ಹೊತ್ತಾರೆ ಎದ್ದು ಪೇಟೆಬೀದಿಗೆ ಹೋಗಿ, ದಿನಕ್ಕೆ ಒಂದು ಬೆಳ್ಳಿಯ ನಾಣ್ಯವೆಂದು ಗೊತ್ತುಮಾಡಿ, ಆಳುಗಳನ್ನು ಕರೆತರುತ್ತಾನೆ. ಹೊತ್ತೇರಿದ ಮೇಲೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ಕರೆಯುತ್ತಾನೆ. ನಡು ಹಗಲಿನಲ್ಲಿ ಕೆಲವರು, ಇಳಿಹೊತ್ತಿನಲ್ಲಿ ಕೆಲವರು ಬರುತ್ತಾರೆ. ಹೊತ್ತು ಮುಳುಗಲು ಇನ್ನೊಂದು ತಾಸಿದೆ ಎನ್ನುವಾಗಲೂ ಬೀದಿಯಲ್ಲಿ ಕೆಲವರು ಸುಮ್ಮನೆ ನಿಂತಿರುವುದನ್ನು ಕಂಡು ಕಾರಣ ವಿಚಾರಿಸಿದಾಗ, ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂದು ಅವರು ಹೇಳುತ್ತಾರೆ. ಅವರನ್ನೂ ಆತನು ತೋಟಕ್ಕೆ ಕಳುಹಿಸುತ್ತಾನೆ. ಸಂಜೆ ಬಟವಾಡೆಯ ಸಮಯದಲ್ಲಿ, ಕೊನೆಗೆ ಬಂದವರಿಂದ ಮೊದಲ್ಗೊಂಡು ಎಲ್ಲರ ಕೈಗೂ ಒಂದೊಂದು ಬೆಳ್ಳಿಯ ನಾಣ್ಯ ಬೀಳುತ್ತದೆ!

ಇದೆಂತಹ ಲೆಕ್ಕ? ದಿನವೆಲ್ಲ ಬಿಸಿಲಿನಲ್ಲಿ ಬೆಂದವನಿಗೂ, ತಂಪು ಹೊತ್ತಿನಲ್ಲಿ ಒಂದು ತಾಸು ಕೈಯಾಡಿಸಿದವನಿಗೂ ಒಂದೇ ಕೂಲಿಯೆ? ಕಥೆಯೊಳಗಿನ ಆಳುಗಳೇ ಗೊಣಗಿದರೆಂದ ಮೇಲೆ ಕೇಳಿದವರು ಗೊಣಗುವುದರಲ್ಲಿ ಆಶ್ಚರ್ಯವಿಲ್ಲ. ಇದು ದೇವರ ಕೃಪೆಯನ್ನು ಕುರಿತ ಕಥೆಯೆಂದು ಗುರುಗಳು ಅರ್ಥ ಹೇಳುವರು, ಅದು ಸರಿಯೇ. ಆದರೆ ಕೃಪೆಯನ್ನು ತಿಳಿಸಲು ಯೇಸುಸ್ವಾಮಿಯು ಕೂಲಿಯ ಮಾತನ್ನೇ ಏಕೆ ಎತ್ತಿಕೊಂಡನು ಎಂಬ ಪ್ರಶ್ನೆ ಉಳಿದೇ ಉಳಿಯುವುದು. ಆ ಕಾಲದಲ್ಲಿ ಒಂದು ಬೆಳ್ಳಿಯ ನಾಣ್ಯವೆಂದರೆ ಒಂದು ಸಂಸಾರದ ಒಂದು ದಿನದ ಅನ್ನ. ಸಂಜೆಯವರೆಗೆ ಬೀದಿಯಲ್ಲಿ ನಿಂತವರು ಮೈಗಳ್ಳರಲ್ಲ. ಅವರನ್ನು ಕರೆಯುವವರಿರಲಿಲ್ಲ, ಅಷ್ಟೆ. ಅವರ ಮನೆಯ ಮಕ್ಕಳ ಹಸಿವು ತಾಸಿನ ಲೆಕ್ಕದಲ್ಲಿ ಕಡಮೆಯಾಗುವುದಿಲ್ಲ. ಯಜಮಾನನು ಅಳೆದುದು ಗಡಿಯಾರವನ್ನಲ್ಲ, ಬದುಕನ್ನು.

ಕನ್ನಡ ಪಾಠ ಹೇಳುವ, ಕ್ರೈಸ್ತ ಮನೆತನದಲ್ಲಿ ಹುಟ್ಟಿ ಬೆಳೆದ ನನಗೆ ಈ ಕಥೆಯು ಜಯನಗರದಲ್ಲಿ ನಿತ್ಯವೂ ನೆನಪಾಗುವುದು. ಭಾನುವಾರ ದೇವಾಲಯದಲ್ಲಿ ಕೇಳಿದ ಮಾತಿಗೂ ಸೋಮವಾರ ವೃತ್ತಪತ್ರಿಕೆಯಲ್ಲಿ ಓದುವ ಸಂಗತಿಗೂ ಏನಾದರೂ ಸಂಬಂಧವಿರಬೇಕೆಂದು ಬಯಸುವ ನನ್ನ ವಯಸ್ಸಿನ ಅನೇಕರಿಗೆ ಈ ಆಲೋಚನೆಯು ಬಂದೇ ಇರುವುದು.

ಐದು ಮನೆ, ಒಂದು ದಿನ

1948ರಲ್ಲಿ ಅಸ್ತಿವಾರ ಹಾಕಿಸಿಕೊಂಡ ಜಯನಗರವು ಮರಗಳ ನೆರಳಿಗೂ ಅಚ್ಚುಕಟ್ಟಾದ ಅಡ್ಡರಸ್ತೆಗಳಿಗೂ ಹೆಸರಾದುದು. ಇಲ್ಲಿ ಬೆಳಗಾಗುವುದು ಹಾಲಿನವನ ಸೈಕಲ್ ಗಂಟೆಯಿಂದ ಮಾತ್ರವಲ್ಲ. ರಾಗಿಗುಡ್ಡ, ಗುರಪ್ಪನಪಾಳ್ಯಗಳಂತಹ ಕಡೆಗಳಿಂದ ಬೇಗಬೇಗನೆ ಹೆಜ್ಜೆ ಹಾಕುತ್ತ ಬರುವ ಹೆಂಗಸರಿಂದ. ಒಬ್ಬಾಕೆ ಒಂದು ಮನೆಯ ಅಂಗಳ ಗುಡಿಸಿ ರಂಗೋಲಿ ಹಾಕುವಳು. ಇನ್ನೊಂದು ಮನೆಯಲ್ಲಿ ಮುಸುರೆ ತಿಕ್ಕುವಳು. ಮೂರನೆಯದರಲ್ಲಿ ನೆಲ ಒರೆಸುವಳು. ನಾಲ್ಕನೆಯದರಲ್ಲಿ ಹಾಸಿಗೆ ಹಿಡಿದ ಮುದುಕಿಗೆ ಸ್ನಾನ ಮಾಡಿಸುವಳು. ಐದನೆಯದರಲ್ಲಿ ತರಕಾರಿ ಹೆಚ್ಚುವಳು. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿಯೂ ಇದೇ ಚಿತ್ರ.

ಈ ಏರ್ಪಾಡಿನಲ್ಲಿ ಒಂದು ವಿಚಿತ್ರವಿದೆ. ಪ್ರತಿಯೊಂದು ಮನೆಯೂ ತಾನು ಕೊಡುತ್ತಿರುವುದು ಒಂದು ಗಂಟೆಯ ಕೆಲಸಕ್ಕೆ ತಕ್ಕ ಹಣವೆಂದು ತಿಳಿದಿರುವುದು. ಆದರೆ ಐದು ಮನೆಯ ಐದು ಗಂಟೆ ಸೇರಿ, ನಡುವಣ ನಡಿಗೆಯೂ ಕಾಯುವಿಕೆಯೂ ಕೂಡಿ, ಆಕೆಯ ಒಂದು ಪೂರ್ತಿ ದಿನವಾಗುವುದು. ಆ ದಿನಕ್ಕೆ ಜವಾಬ್ದಾರರು ಯಾರು? ಐದು ಮನೆಯವರಲ್ಲಿ ಯಾರೂ ಅಲ್ಲ! ಜ್ವರ ಬಂದ ದಿನ ಸಂಬಳ ಮುರಿಯುವವರು ಐವರಿರುವರು. ಜ್ವರಕ್ಕೆ ಔಷಧ ಕೊಡಿಸುವ ಹೊಣೆ ಐವರಲ್ಲಿ ಒಬ್ಬರದೂ ಅಲ್ಲ. ವಾರದ ರಜೆಯೆಂಬುದು ಬಹುಮಂದಿಗೆ ಕನಸು. ಮುಪ್ಪಿನಲ್ಲಿ ಪಿಂಚಣಿಯ ಮಾತಂತೂ ದೂರವೇ ಉಳಿಯಿತು.

2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ದೇಶವೇ ಬಾಗಿಲು ಮುಚ್ಚಿದಾಗ ಈ ಸತ್ಯವು ಬಟ್ಟಬಯಲಾಯಿತು. ಗೇಟು ದಾಟಿ ಒಳಗೆ ಬರುವುದೇ ನಿಷಿದ್ಧವಾದಾಗ, ಕೆಲವು ಮನೆಗಳವರು ತಿಂಗಳ ಸಂಬಳವನ್ನು ತಪ್ಪದೆ ಮುಟ್ಟಿಸಿದರು. ಬೇರೆ ಹಲವರಿಗೆ, ಮಾಡದ ಕೆಲಸಕ್ಕೆ ಹಣವೇಕೆಂದು ತೋರಿತು. ಎರಡೂ ಕಡೆಯವರು ಸಜ್ಜನರೇ. ಕೊಟ್ಟವರು ಬದುಕನ್ನು ಅಳೆದರು. ಕೊಡದವರು ಗಡಿಯಾರವನ್ನು ಅಳೆದರು.

ಕಥೆಯೊಂದು ನಡೆದು ಬಂದ ದಾರಿ

ಈ ದ್ರಾಕ್ಷಿತೋಟದ ಕಥೆಯು ಕ್ರೈಸ್ತರ ಸ್ವತ್ತಾಗಿಯೇ ಉಳಿಯಲಿಲ್ಲವೆಂಬುದು ಸಂತೋಷದ ವಿಷಯ. 1860ರಲ್ಲಿ ಇಂಗ್ಲೆಂಡಿನ ಜಾನ್ ರಸ್ಕಿನ್ ಎಂಬ ವಿದ್ವಾಂಸನು, ಈ ಕಥೆಯಲ್ಲಿನ ಯಜಮಾನನ ಮಾತಿನಿಂದಲೇ ಶಿರೋನಾಮೆಯನ್ನು ಆರಿಸಿಕೊಂಡು, ಅರ್ಥಶಾಸ್ತ್ರದ ಮೇಲೆ ಪ್ರಬಂಧಗಳನ್ನು ಬರೆದನು. ಕೂಲಿಯೆಂಬುದು ಸಂತೆಯ ಬೆಲೆಯಂತೆ ಏರಿಳಿಯತಕ್ಕ ವಸ್ತುವಲ್ಲವೆಂಬುದು ಅವನ ವಾದ. 1904ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ರೈಲಿನಲ್ಲಿ ಹೊರಟ ತರುಣ ಬ್ಯಾರಿಸ್ಟರೊಬ್ಬರ ಕೈಗೆ ಆ ಪುಸ್ತಕವನ್ನು ಮಿತ್ರರೊಬ್ಬರು ಇತ್ತರು. ಬ್ಯಾರಿಸ್ಟರಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಅವರೇ ಮೋಹನದಾಸ ಕರಮಚಂದ ಗಾಂಧಿ. ಆ ಪುಸ್ತಕದ ಸಾರವನ್ನು ಅವರು 1908ರಲ್ಲಿ ಗುಜರಾತಿಯಲ್ಲಿ ಬರೆದು ಅದಕ್ಕೆ ‘ಸರ್ವೋದಯ’ವೆಂದು ಹೆಸರಿಟ್ಟರು. ಪ್ಯಾಲೆಸ್ತೀನದ ಕಥೆ ಇಂಗ್ಲೆಂಡಿಗೆ ಹೋಗಿ, ಆಫ್ರಿಕದ ಮೂಲಕ ಭಾರತಕ್ಕೆ ಬಂದು, ನಮ್ಮ ದೇಶದ ಮಾತಾಯಿತು.

ಕನ್ನಡ ನಾಡಿನಲ್ಲಂತೂ ಈ ಬೀಜಕ್ಕೆ ಹದವಾದ ನೆಲ ಮೊದಲೇ ಸಿದ್ಧವಾಗಿದ್ದಿತು. ದುಡಿಮೆಯನ್ನೇ ಪೂಜೆಯೆಂದು ಎಣಿಸಿದ ಶರಣರು 12ನೆಯ ಶತಮಾನದಲ್ಲಿಯೇ ಇಲ್ಲಿ ಬಾಳಿದವರು. ಕ್ರೈಸ್ತನ ಕಣ್ಣಿಗೆ ಈ ನೆಲದ ಸಾರವನ್ನು ಕಾಣಿಸಿದ ಮಹನೀಯರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಕ್ರೈಸ್ತ ಸಭೆಯ ಬೋಧಕರು; ಪ್ರವೃತ್ತಿಯಿಂದ ಸರ್ವಜ್ಞನ ಭಕ್ತರು. ಊರೂರು ಅಲೆದು, ಓಲೆಗರಿಗಳನ್ನು ಹುಡುಕಿ, ಬಾಯಿಂದ ಬಾಯಿಗೆ ಬಂದುದನ್ನು ಕೇಳಿ ಬರೆದುಕೊಂಡು, 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದರು. ತನ್ನ ನಂಬಿಕೆಯನ್ನು ಬಿಡದೆ ನೆರೆಯವರ ನಂಬಿಕೆಯಲ್ಲಿನ ಸತ್ಯಕ್ಕೆ ತಲೆಬಾಗುವುದು ಸಾಧ್ಯವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಎರಡು ಬಾಗಿಲಲ್ಲಿಯೂ ಸಲ್ಲದವರು

ಉತ್ತಂಗಿಯವರು ತೀರಿಕೊಂಡ 1962ರಲ್ಲಿಯೇ ಬೆಂಗಳೂರಿನ ಒಂದು ಅಧ್ಯಯನ ಸಂಸ್ಥೆಯ ಹೊಣೆಯು ಎಂ. ಎಂ. ಥಾಮಸ್ ಎಂಬುವರ ಹೆಗಲಿಗೆ ಬಂದಿತು. ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ 1957ರಲ್ಲಿ ಸ್ಥಾಪಿತವಾದ ಈ ಕ್ರೈಸ್ತ ಸಂಸ್ಥೆಗೆ ಮೊದಲ ನಿರ್ದೇಶಕರಾಗಿದ್ದವರು ಪಾಲ್ ದೇವನಂದನ್. ಥಾಮಸರು ಕೇರಳದವರು. ಅವರ ಯೌವನದ ಒಂದು ಪ್ರಸಂಗವು ಸ್ವಾರಸ್ಯಕರವಾದುದು. 1940ರ ದಶಕದಲ್ಲಿ ಅವರು ತಮ್ಮ ಸಭೆಯಲ್ಲಿ ಪಾದ್ರಿಯಾಗಲು ಬೇಡಿಕೆ ಸಲ್ಲಿಸಿದರು; ಕಮ್ಯೂನಿಸ್ಟ್ ಪಕ್ಷದ ಸದಸ್ಯತ್ವವನ್ನೂ ಬೇಡಿದರು. ಕಮ್ಯೂನಿಸಂನ ವಾಸನೆಯಿದೆಯೆಂದು ಸಭೆಯವರು ಬೇಡವೆಂದರು. ದೇವರ ಗೊಡವೆಯಿದೆಯೆಂದು ಪಕ್ಷದವರು ಬೇಡವೆಂದರು!

ಎರಡು ಬಾಗಿಲಲ್ಲಿಯೂ ಸಲ್ಲದ ಆ ತರುಣರೇ ಮುಂದೆ ವಿಶ್ವದ ಸಭೆಗಳ ಮಂಡಲಿಯ ಕೇಂದ್ರ ಸಮಿತಿಗೆ ಅಧ್ಯಕ್ಷರಾದರು. ಮನುಷ್ಯನನ್ನು ಮನುಷ್ಯನನ್ನಾಗಿ ಬಾಳಗೊಡಿಸುವುದಕ್ಕೂ ಆತ್ಮದ ಉದ್ಧಾರಕ್ಕೂ ನಡುವೆ ಗೋಡೆಯಿಲ್ಲವೆಂಬುದು ಅವರ ಬರಹಗಳ ತಿರುಳು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಅದನ್ನು ವಿರೋಧಿಸಿ ಬರೆಯಲು ಅವರು ಹಿಂಜರಿಯಲಿಲ್ಲ. ದಕ್ಷಿಣ ಭಾರತದ ಎಷ್ಟೋ ಕ್ರೈಸ್ತ ವಿದ್ಯಾರ್ಥಿಗಳಿಗೆ ವೃತ್ತಪತ್ರಿಕೆಯನ್ನೂ ಸತ್ಯವೇದವನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ಅಭ್ಯಾಸ ಹತ್ತಿದುದು ಇಂತಹವರಿಂದ.

ಹಿತ್ತಲ ಬಾಗಿಲಿನಿಂದ ಬೀದಿಗೆ

ಚಿಂತನೆಯನ್ನು ಬೀದಿಗೆ ಇಳಿಸಿದವರಲ್ಲಿ ರೂತ್ ಮನೋರಮಾ ಅವರನ್ನು ಹೆಸರಿಸಲೇಬೇಕು. 1952ರಲ್ಲಿ ಮದರಾಸಿನಲ್ಲಿ, ದಲಿತ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಅವರು ಬೆಂಗಳೂರನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಆರಿಸಿಕೊಂಡರು. 1985ರಲ್ಲಿ ‘ವಿಮೆನ್ಸ್ ವಾಯ್ಸ್’ ಎಂಬ ಸಂಸ್ಥೆಯನ್ನು ಕಟ್ಟಿ, ಕೊಳೆಗೇರಿಯ ಹೆಂಗಸರನ್ನೂ ಮನೆಗೆಲಸದವರನ್ನೂ ಸಂಘಟಿಸಲು ತೊಡಗಿದರು. ಮನೆಗೆಲಸದವರ ಸಂಘವೆಂದರೆ ಆಗ ನಕ್ಕವರೇ ಹೆಚ್ಚು. ಗಿರಣಿಯ ಕಾರ್ಮಿಕರಿಗೆ ಒಂದು ಗೇಟಿದೆ, ಅಲ್ಲಿ ಸೇರಿ ಘೋಷಣೆ ಕೂಗಬಹುದು. ಸಾವಿರ ಮನೆಗಳ ಸಾವಿರ ಹಿತ್ತಲ ಬಾಗಿಲುಗಳಲ್ಲಿ ಚೆದುರಿಹೋದವರನ್ನು ಒಂದುಗೂಡಿಸುವುದು ಹೇಗೆ? ಒಬ್ಬಾಕೆ ಕೆಲಸ ಬಿಟ್ಟರೆ ಮರುದಿನವೇ ಇನ್ನೊಬ್ಬಾಕೆ ಬರುವ ಕಡೆ ಮುಷ್ಕರಕ್ಕೆ ಬೆಲೆಯೇನು?

ಆದರೂ ಕೆಲಸ ನಿಲ್ಲಲಿಲ್ಲ. ಇಂತಹ ಹಲವು ಸಂಘಟನೆಗಳ ವರ್ಷಗಟ್ಟಲೆಯ ಒತ್ತಾಯದ ಫಲವಾಗಿ, 2004ರಲ್ಲಿ ಕರ್ನಾಟಕ ಸರ್ಕಾರವು ಮನೆಗೆಲಸಕ್ಕೂ ಕನಿಷ್ಠ ವೇತನವನ್ನು ಗೊತ್ತುಪಡಿಸಿ ಅಧಿಸೂಚನೆ ಹೊರಡಿಸಿತು. ಮುಸುರೆ ತಿಕ್ಕುವುದೂ ಒಂದು ವೃತ್ತಿ, ಅದನ್ನು ಮಾಡುವವರೂ ಕಾರ್ಮಿಕರು ಎಂದು ಸರ್ಕಾರದ ಮೊಹರಿನೊಡನೆ ಒಪ್ಪಿದಂತಾಯಿತು. ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟುವುದರಲ್ಲಿಯೂ ಮುಂದಾಳಾಗಿದ್ದ ಮನೋರಮಾ ಅವರಿಗೆ 2006ರಲ್ಲಿ, ಸ್ವೀಡನ್ನಿನಲ್ಲಿ ನೀಡಲಾಗುವ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿಯು ಲಭಿಸಿತು. 2014ರಲ್ಲಿ ಅವರು ಬೆಂಗಳೂರು ದಕ್ಷಿಣ ಕ್ಷೇತ್ರದಿಂದಲೇ ಲೋಕಸಭೆಗೆ ಸ್ಪರ್ಧಿಸಿದರು. ಗೆಲ್ಲಲಿಲ್ಲ, ನಿಜ. ಆದರೆ ಹಿತ್ತಲ ಬಾಗಿಲಿನವರ ಮಾತನ್ನು ಆಡುವವರೊಬ್ಬರು ನಮ್ಮ ಮುಂಬಾಗಿಲಿಗೆ ಬಂದು ಮತ ಕೇಳಿದರೆಂಬುದು ಸಣ್ಣ ಸಂಗತಿಯಲ್ಲ.

ನಮ್ಮ ಮನೆಯೊಳಗಿನ ಧೂಳು

ಪರರಿಗೆ ಬುದ್ಧಿ ಹೇಳುವ ಮುನ್ನ ಕ್ರೈಸ್ತನು ತನ್ನ ಮನೆಯನ್ನು ಗುಡಿಸಬೇಕು. ದೇವರ ಮುಂದೆ ಎಲ್ಲರೂ ಸಮಾನರೆಂದು ಸಾರುವ ಸಭೆಯೊಳಕ್ಕೆ ಜಾತಿಯು ನುಸುಳಿ, ಎಷ್ಟೋ ಕಡೆ ಬೆಂಚಿನಲ್ಲಿಯೂ ಸ್ಮಶಾನದಲ್ಲಿಯೂ ಭೇದ ಮಾಡಿರುವುದು ಗುಟ್ಟಿನ ಮಾತಲ್ಲ. 2016ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಲಿಯೇ ತನ್ನ ನೀತಿಪತ್ರವೊಂದರಲ್ಲಿ ಈ ಭೇದವು ಸಭೆಯೊಳಗೆ ಇರುವುದನ್ನು ಒಪ್ಪಿಕೊಂಡಿತು.

ಕೋಲಾರದ ಚಿನ್ನದ ಗಣಿಯ ಊರಿನಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಜೀವನವು ಇಲ್ಲಿ ನೆನೆಯತಕ್ಕದ್ದು. ಭೂಮಿಯ ಆಳದಿಂದ ಚಿನ್ನವನ್ನು ತೆಗೆಯುತ್ತಿದ್ದ ಆ ಊರಿನಲ್ಲಿ ಭೂಮಿಯ ಮೇಲೆ ಮಲವನ್ನು ಕೈಯಿಂದ ಬಳಿದು ತಲೆಯ ಮೇಲೆ ಹೊರುವವರೂ ಇದ್ದರು. ವಿಲ್ಸನ್ ಅವರ ಹಿರಿಯರೂ ಅದೇ ಕೆಲಸದವರು. ಮಗನಿಗೆ ಈ ಸಂಗತಿಯು ತಿಳಿಯದಂತೆ ತಂದೆತಾಯಿಗಳು ಮರೆಮಾಡಿದ್ದರು. ತಿಳಿದಾಗ ಆತನ ಎದೆ ಒಡೆಯಿತು. 1980ರ ದಶಕದಲ್ಲಿ ಅಧಿಕಾರಿಗಳಿಗೆ, ಮಂತ್ರಿಗಳಿಗೆ ಕಾಗದ ಬರೆಯುವುದರಿಂದ ಆರಂಭವಾದ ಅವರ ಹೋರಾಟವು 1994ರಲ್ಲಿ ‘ಸಫಾಯಿ ಕರ್ಮಚಾರಿ ಆಂದೋಲನ’ವಾಯಿತು. ಆ ಆಂದೋಲನವು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯಲ್ಲಿ 2014ರಲ್ಲಿ ತೀರ್ಪು ಬಂದು, ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು ನಿರ್ಧಾರವಾಯಿತು. 2023ರಲ್ಲಿ ನ್ಯಾಯಾಲಯವು ಅದನ್ನು 30 ಲಕ್ಷಕ್ಕೆ ಏರಿಸಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. ಅವರು ಬೇಡಿದುದು ಕರುಣೆಯನ್ನಲ್ಲ. ಈ ಕೆಲಸವನ್ನು ಯಾವ ಮನುಷ್ಯನೂ ಮಾಡದಂತಾಗಬೇಕೆಂಬ ನ್ಯಾಯವನ್ನು.

ದಯೆ ಬೇರೆ, ನ್ಯಾಯ ಬೇರೆ

ಹೇಳಬೇಕಾದ ಮಾತು ಇಲ್ಲಿಯೇ ಇದೆ. ದಯೆಯಲ್ಲಿ ನಾವು ಕಡಮೆಯವರಲ್ಲ. ಹಬ್ಬದ ದಿನ ಹಳೆಯ ಸೀರೆ ಕೊಡುವೆವು. ಮಿಕ್ಕ ಪಲ್ಯವನ್ನು ಡಬ್ಬಿಗೆ ತುಂಬಿ ಕಳುಹಿಸುವೆವು. ಮಗುವಿನ ಪುಸ್ತಕಕ್ಕೆ ನೂರಿನ್ನೂರು ಕೈಯೆತ್ತಿ ಕೊಡುವೆವು. ಇವೆಲ್ಲ ಒಳ್ಳೆಯವೇ. ಆದರೆ ದಯೆಯು ಕೊಡುವವನ ಮನಸ್ಸಿನ ಹವೆಯನ್ನು ಅವಲಂಬಿಸಿರುವುದು. ಇಂದು ಉಂಟು, ನಾಳೆ ಇಲ್ಲ. ಪಡೆದವಳು ತಲೆ ತಗ್ಗಿಸಬೇಕು. ನ್ಯಾಯವಾದರೋ ಪಡೆದವಳು ತಲೆಯೆತ್ತಿ ತೆಗೆದುಕೊಳ್ಳುವಂತಹದು. ದ್ರಾಕ್ಷಿತೋಟದ ಯಜಮಾನನು ಕೊನೆಗೆ ಬಂದವರಿಗೆ ಮಿಕ್ಕ ಹಣ್ಣನ್ನೋ ಹಳೆಯ ಅಂಗಿಯನ್ನೋ ಕೊಟ್ಟು ಕಳುಹಿಸಲಿಲ್ಲ. ಕೊಟ್ಟುದು ಕೂಲಿ, ಅದೂ ಎಲ್ಲರೊಡನೆ ಸಾಲಿನಲ್ಲಿ ನಿಲ್ಲಿಸಿ, ಅವರನ್ನೇ ಮೊದಲು ಕರೆದು!

ಕಾನೂನು ತನ್ನ ಕೆಲಸವನ್ನು ಮೆಲ್ಲಮೆಲ್ಲನೆ ಮಾಡುತ್ತ ಬಂದಿದೆ. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸದವರ ಹಕ್ಕುಗಳಿಗಾಗಿ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. 2013ರಲ್ಲಿ ನಮ್ಮ ಸಂಸತ್ತು ಲೈಂಗಿಕ ಕಿರುಕುಳದ ವಿರುದ್ಧ ಮಾಡಿದ ಶಾಸನದಲ್ಲಿ, ಮನೆಗೆಲಸದಾಕೆಗೆ ಯಜಮಾನನ ಮನೆಯೂ ಕೆಲಸದ ಸ್ಥಳವೆಂದು ಪರಿಗಣಿತವಾಯಿತು. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಇವರ ರಕ್ಷಣೆಗೆ ದೇಶಕ್ಕೆಲ್ಲ ಅನ್ವಯಿಸುವ ಪ್ರತ್ಯೇಕ ಕಾನೂನು ಇಲ್ಲದಿರುವುದನ್ನು ಎತ್ತಿ ತೋರಿಸಿ, ಆ ವಿಷಯವನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸುವಂತೆ ಕೇಂದ್ರ ಸರ್ಕಾರದ ಇಲಾಖೆಗಳಿಗೆ ನಿರ್ದೇಶಿಸಿತು.

ಆದರೆ ಯಾವ ಇನ್ಸ್‌ಪೆಕ್ಟರೂ ನಮ್ಮ ಅಡಿಗೆಯ ಮನೆಗೆ ಬಂದು ಲೆಕ್ಕ ಕೇಳಲಾರನು. ಅಲ್ಲಿ ಕಾನೂನಿಗಿಂತ ಮುಂದೆ ಹೋಗಬೇಕಾದುದು ಮನಸ್ಸಾಕ್ಷಿ. ವಾರಕ್ಕೊಂದು ದಿನ ರಜೆ. ಕಾಯಿಲೆಯ ದಿನಗಳಿಗೆ ಸಂಬಳ ಮುರಿಯದಿರುವುದು. ವರ್ಷಕ್ಕೊಮ್ಮೆ, ಅವರು ಕೇಳುವುದಕ್ಕೆ ಮುಂಚೆಯೇ, ಬೆಲೆಯೇರಿಕೆಗೆ ತಕ್ಕಂತೆ ಸಂಬಳ ಏರಿಸುವುದು. ಮನೆಯವರೆಲ್ಲ ಕುಡಿಯುವ ಲೋಟದಲ್ಲಿಯೇ ಕಾಫಿ. ಮನೆಯವರೆಲ್ಲ ಹತ್ತುವ ಲಿಫ್ಟಿನಲ್ಲಿಯೇ ದಾರಿ. ಒಂದೇ ರಸ್ತೆಯ ಐದು ಮನೆಯವರು ಕೂಡಿ ಮಾತನಾಡಿಕೊಂಡರೆ, ಆಕೆಗೆ ಒಂದೇ ದಿನ ಐದು ಕಡೆಯೂ ರಜೆ ದೊರೆಯುವುದು. ಮುಪ್ಪಿಗೆಂದು ಐವರೂ ಒಂದಿಷ್ಟು ಕೂಡಿಡುವುದೂ ಸಾಧ್ಯ. ಇದಕ್ಕೆ ಕ್ರೈಸ್ತನೇ ಆಗಬೇಕೆಂದಿಲ್ಲ. ಶರಣರನ್ನು ನೆನೆಯುವವರಿಗೂ, ಗಾಂಧಿಯವರ ಪಟವನ್ನು ಗೋಡೆಗೆ ಹಾಕಿದವರಿಗೂ, ದೇವರ ಗೊಡವೆಯೇ ಬೇಡವೆನ್ನುವವರಿಗೂ ಈ ಲೆಕ್ಕ ಅರ್ಥವಾಗುವಂತಹದೇ.

ಸಂಜೆಯ ಬಟವಾಡೆ ಎಲ್ಲರ ಬಾಳಿನಲ್ಲಿಯೂ ಒಂದು ದಿನ ಬರುವುದೆಂದು ನಂಬಿದವನು ನಾನು. ಆಗ ನಮ್ಮನ್ನು ಗಡಿಯಾರದಿಂದ ಅಳೆದರೆ ನಮ್ಮಲ್ಲಿ ಎಷ್ಟು ಮಂದಿಗೆ ತುಂಬು ಕೂಲಿ ದೊರೆತೀತು? ನಮಗೆ ಬೇಕೆನಿಸುವ ಅಳತೆಯನ್ನೇ ಇಂದು ಇತರರಿಗೂ ಬಳಸುವುದು ಮೇಲಲ್ಲವೆ?